ಹೊಳಪಿನಲ್ಲಿ ಅಡಗಿದ ಲೋಕಗಳು

ಬಾದಾಮಿಯ ಮೇಣಬಸದಿಗಳನ್ನು ನೋಡಲು ಹೋದವರು ಮೆಟ್ಟಿಲುಗಳನ್ನೇರಿ, ದಣಿವಾರಿಸಿಕೊಳ್ಳುತ್ತ ಒಮ್ಮೆ ಹಿಂತಿರುಗಿ ನೋಡುವುದು ವಾಡಿಕೆ. ಕೆಳಗೆ ಹರಡಿದ ಅಗಸ್ತ್ಯತೀರ್ಥ. ಅದರಾಚೆ ಬಡಗಣ ಗುಡ್ಡದ ಕೆಂಪು ಬಂಡೆಗಳು. ಮೂಡಣ ದಂಡೆಯ ಮೇಲೆ ಭೂತನಾಥನ ಗುಡಿ. ಬಿಸಿಲೇರಿದ ಹೊತ್ತಿನಲ್ಲಿ ಆ ನೀರು ಥಳಥಳಿಸಿ ಕಣ್ಣು ಕುಕ್ಕುತ್ತದೆ. ಬಾಗಲಕೋಟೆಯವರಿಗೂ ಈ ಅನುಭವ ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಅಂಚಿಗೆ ಬಂದು ನಿಂತಂದಿನಿಂದ ಅಂಥ ಹೊಳಪು ಅವರಿಗೆ ದಿನನಿತ್ಯದ ನೋಟವಾಗಿದೆ.

ಈ ಹೊಳಪನ್ನು ಕಣ್ಣಿಗೊದಗಿದ ಕಿರಿಕಿರಿಯೆಂದು ಬಗೆದು ಮುಖ ತಿರುಗಿಸುವವರೇ ಹೆಚ್ಚು. ಆದರೆ ಅದರಲ್ಲಿ ಒಂದು ಗುಟ್ಟಿನ ಗುರುತು ಅಡಗಿದೆ. ನೀರನ್ನು ತಾಗಿ ಪುಟಿದ ಬೆಳಕು, ಸೂರ್ಯನಿಂದ ನೇರವಾಗಿ ಬಂದ ಬೆಳಕಿನಂತೆ ಇರುವುದಿಲ್ಲ. ತಾನು ಯಾವುದನ್ನು ತಾಗಿ ಬಂದೆನೆಂಬುದಕ್ಕೆ ಅದು ಸಾಕ್ಷ್ಯವನ್ನು ಹೊತ್ತು ತರುತ್ತದೆ. ಮನುಷ್ಯನ ಕಣ್ಣು ಆ ಸಾಕ್ಷ್ಯವನ್ನು ಓದಲಾರದು, ಉಪಕರಣಗಳು ಓದಬಲ್ಲವು. ಇದೇ ಗುರುತಿನ ಜಾಡು ಹಿಡಿದು ಇಂದಿನ ಖಗೋಳ ವಿಜ್ಞಾನಿಗಳು ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಲ್ಲಿ ಮೋಡಗಳಿವೆಯೆ, ಧೂಳಿದೆಯೆ, ಕಡೆಗೆ ಕಡಲೂ ಇದೆಯೆ ಎಂದು ಕೇಳಲು ಹೊರಟಿದ್ದಾರೆ. ಈ ಸಾಹಸದಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾಲೂ ಇದೆ.

ಬೆಳಕಿನ ಹಾಸು ಹೊಕ್ಕು

ಬೆಳಕು ಒಂದು ತರಂಗ. ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಅಲುಗಿಸಿದರೆ ಅಲೆ ಮುಂದಕ್ಕೆ ಸಾಗುತ್ತದೆ. ಹಗ್ಗ ಮಾತ್ರ ಮೇಲೆ ಕೆಳಗೆ, ಇಲ್ಲವೆ ಎಡಕ್ಕೆ ಬಲಕ್ಕೆ ತುಯ್ಯುತ್ತದೆ. ಬೆಳಕಿನ ಅಲೆಯೂ ಹಾಗೆಯೇ, ತಾನು ಸಾಗುವ ದಾರಿಗೆ ಅಡ್ಡಲಾಗಿ ತುಯ್ಯುತ್ತದೆ. ಸೂರ್ಯನ ಬೆಳಕಿನಲ್ಲಿ ಈ ತುಯ್ತ ಎಲ್ಲ ದಿಕ್ಕುಗಳಲ್ಲಿಯೂ ಸರಿಸಮವಾಗಿ ಬೆರೆತಿರುತ್ತದೆ.

ಇಳಕಲ್ಲಿನ ಮಗ್ಗದ ಮುಂದೆ ನಿಂತವರಿಗೆ ಇದನ್ನು ತಿಳಿಸುವುದು ಸುಲಭ. ಸೀರೆಯ ಮೈಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಸೂರ್ಯನ ಬೆಳಕನ್ನು ಹಾಸೂ ಹೊಕ್ಕೂ ಸಮನಾಗಿ ಕೂಡಿದ ಬಟ್ಟೆಯೆಂದು ಭಾವಿಸಬಹುದು. ಆ ಬೆಳಕು ನೀರಿನ ಮೇಲೆ ಓರೆಯಾಗಿ ಬಿದ್ದಾಗ ಅಡ್ಡ ಎಳೆಗಳು ಹೆಚ್ಚಾಗಿ ಪುಟಿಯುತ್ತವೆ; ಉಳಿದವು ಹೆಚ್ಚಾಗಿ ನೀರಿನೊಳಗೆ ಇಳಿದುಹೋಗುತ್ತವೆ. ಹೀಗೆ ಒಂದೇ ದಿಕ್ಕಿನ ತುಯ್ತ ಮೇಲುಗೈಯಾದ ಬೆಳಕನ್ನು ‘ಧ್ರುವೀಕೃತ’ ಬೆಳಕೆಂದು ಕರೆಯುತ್ತಾರೆ. ನೀರಿನ ಮಟ್ಟಿಗೆ, ನೆಟ್ಟಗೆ ನಿಂತ ಗೆರೆಯಿಂದ ಸುಮಾರು ೫೩ ಡಿಗ್ರಿ ಓರೆಯಲ್ಲಿ ಬಿದ್ದ ಬೆಳಕು ಪೂರ್ತಿಯಾಗಿ ಧ್ರುವೀಕೃತವಾಗಿ ಪುಟಿಯುತ್ತದೆ. ಈ ಕೋನದ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ೧೮೧೫ರಲ್ಲಿ ಕಂಡುಕೊಂಡರು. ಅದಕ್ಕೂ ಮೊದಲು, ೧೮೦೮ರಲ್ಲಿ, ಫ್ರಾನ್ಸಿನ ಮಾಲ್ಯೂ ಎಂಬ ಎಂಜಿನಿಯರು ಪ್ಯಾರಿಸಿನ ಲಕ್ಸಂಬರ್ಗ್ ಅರಮನೆಯ ಕಿಟಕಿಯ ಗಾಜಿನಲ್ಲಿ ಹೊಳೆಯುತ್ತಿದ್ದ ಇಳಿಹೊತ್ತಿನ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡಿ, ಹರಳನ್ನು ತಿರುಗಿಸಿದಂತೆ ಹೊಳಪು ಏರಿಳಿಯುವುದನ್ನು ಕಂಡು ಬೆರಗಾಗಿದ್ದರು.

ಮನೆಮಂದಿಯೆಲ್ಲ ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ಬೇಕಾದುದು ಒಂದು ಪೋಲರಾಯ್ಡ್ ಬಿಸಿಲು ಕನ್ನಡಕ ಮಾತ್ರ. ಕನ್ನಡಕ ನಿಜವಾಗಿ ಆ ಬಗೆಯದೇ ಎಂದು ತಿಳಿಯಬೇಕಾದರೆ ಅದನ್ನು ಕಂಪ್ಯೂಟರಿನ ಪರದೆಯ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಬೇಕು. ಅನೇಕ ಪರದೆಗಳು ಒಂದು ಓರೆಯಲ್ಲಿ ಕಪ್ಪಾಗಿಬಿಡುತ್ತವೆ. ಅದನ್ನು ಧರಿಸಿ ಅಗಸ್ತ್ಯತೀರ್ಥದ ಮೆಟ್ಟಿಲ ಬಳಿ ನಿಂತರೆ ನೀರಿನ ಮೇಲಿನ ಬಂಡೆಯ ಪ್ರತಿಬಿಂಬ ಮಂಕಾಗಿ, ನೀರಿನೊಳಗಿನ ಕಲ್ಲು ಎದ್ದು ಕಾಣುತ್ತದೆ. ಕನ್ನಡಕವನ್ನು ತೆಗೆದು ಕಾಲು ಸುತ್ತು ತಿರುಗಿಸಿ ನೋಡಿದರೆ ಪ್ರತಿಬಿಂಬ ಮರಳಿ ಬರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲಿಗೆ ಮೆರುಗು ಕೊಟ್ಟು ಹಾಸಿದ ನೆಲದ ಹೊಳಪೂ ಹೀಗೆಯೇ ಅಳಿಯುತ್ತದೆ. ಆದರೆ ಉಕ್ಕಿನ ತಟ್ಟೆಯ ಹೊಳಪು ಅಷ್ಟಾಗಿ ಅಳಿಯದು. ಲೋಹದಿಂದ ಪುಟಿದ ಬೆಳಕಿಗೆ ಈ ಗುರುತು ಬಲವಾಗಿ ಬೀಳುವುದಿಲ್ಲ. ಮುಟ್ಟದೆಯೇ ನೀರು, ಕಲ್ಲು, ಲೋಹಗಳ ವ್ಯತ್ಯಾಸವನ್ನು ಬೆಳಕೇ ಹೇಳಿಬಿಡುತ್ತದೆಯಲ್ಲವೆ? (ಸೂರ್ಯನನ್ನಾಗಲಿ, ನೀರಿನಲ್ಲಿ ಉರಿಯುವ ಅವನ ಬಿಂಬವನ್ನಾಗಲಿ ನೇರವಾಗಿ ನೋಡಕೂಡದೆಂಬ ಎಚ್ಚರ ಮಾತ್ರ ಮಕ್ಕಳಿಗಿರಬೇಕು.)

ರಾಮನ್ನರು ಕಂಡ ಕಡಲು

ಈ ಪರೀಕ್ಷೆಗೆ ನಮ್ಮ ದೇಶದಲ್ಲಿ ಒಂದು ಹಿರಿಯ ಪರಂಪರೆಯಿದೆ. ೧೯೨೧ರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಸೆರೆಹಿಡಿಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ಆಗ ಲಾರ್ಡ್ ರ್ಯಾಲೆಯಂಥ ಪಂಡಿತರೇ ನಂಬಿದ್ದರು. ರಾಮನ್ನರು ತಮ್ಮ ಬಳಿಯಿದ್ದ ನಿಕಲ್ ಪಟ್ಟಕದ ಮೂಲಕ ನೋಡಿ, ನೀರಿನ ಮೇಲ್ಮೈಯ ಹೊಳಪನ್ನು ಅಳಿಸಿಹಾಕಿದರು. ಪ್ರತಿಬಿಂಬ ಹೋದರೂ ನೀಲಿ ಹೋಗಲಿಲ್ಲ, ಇನ್ನಷ್ಟು ಉಜ್ವಲವಾಯಿತು. ಆ ನೀಲಿ ನೀರಿನ ಅಣುಗಳೇ ಚದರಿಸಿದ ಬೆಳಕೆಂದು ಅವರು ತೀರ್ಮಾನಿಸಿದರು. ಆ ವಿಚಾರಸರಣಿಯೇ ೧೯೨೮ರಲ್ಲಿ ರಾಮನ್ ಪರಿಣಾಮಕ್ಕೂ, ೧೯೩೦ರಲ್ಲಿ ನೊಬೆಲ್ ಪಾರಿತೋಷಕಕ್ಕೂ ದಾರಿಯಾಯಿತು.

ಬೆಳಕನ್ನು ಧ್ರುವೀಕರಿಸುವುದು ನೀರಿನ ಮೇಲ್ಮೈಯೊಂದೇ ಅಲ್ಲ. ಗಾಳಿಯ ಅಣುಗಳು ಚದರಿಸಿದ ಆಕಾಶದ ನೀಲಿಯೂ ಧ್ರುವೀಕೃತವೇ. ಸೂರ್ಯನಿಂದ ೯೦ ಡಿಗ್ರಿ ದೂರದ ಬಾನಿನಲ್ಲಿ ಇದು ಅತಿ ಹೆಚ್ಚು. ಮೋಡದ ಹನಿಗಳೂ ಧೂಳೂ ಬೆಳಕಿಗೆ ತಮ್ಮ ತಮ್ಮ ಮುದ್ರೆಯನ್ನು ಒತ್ತುತ್ತವೆ. ಗಾಳಿಯ ಮುದ್ರೆ ಬೇರೆ, ಹನಿಯ ಮುದ್ರೆ ಬೇರೆ, ಕಡಲಿನ ಮುದ್ರೆ ಬೇರೆ. ಇಡೀ ವಿದ್ಯೆಯ ತಿರುಳು ಇಷ್ಟೇ.

ಶುಕ್ರನ ಮುಸುಕು ತೆರೆದ ಬಗೆ

ಈ ಮುದ್ರೆಗಳನ್ನು ಗ್ರಹಗಳ ಮೇಲೆ ಮೊದಲು ಒರೆಹಚ್ಚಿದವರಲ್ಲಿ ಪ್ರಮುಖರು ಫ್ರಾನ್ಸಿನ ಬರ್ನಾರ್ಡ್ ಲಿಯೋ. ೧೯೨೦ರ ದಶಕದಲ್ಲಿ ಅವರು ಚಂದ್ರನಿಂದಲೂ ಗ್ರಹಗಳಿಂದಲೂ ಬರುವ ಬೆಳಕಿನ ಧ್ರುವೀಕರಣವನ್ನು ಅತ್ಯಂತ ಸೂಕ್ಷ್ಮವಾಗಿ ಅಳೆದರು. ಶುಕ್ರಗ್ರಹ ಸದಾ ಬಿಳಿಯ ಮೋಡಗಳ ಮುಸುಕಿನಲ್ಲಿದೆ. ಆ ಮೋಡ ಯಾವುದರದು? ನೀರಿನದಿರಬಹುದೆಂದು ಬಹುಕಾಲ ಊಹಿಸಿದ್ದುಂಟು. ೧೯೭೪ರಲ್ಲಿ ಹ್ಯಾನ್ಸೆನ್ ಮತ್ತು ಹೋವೆನಿಯರ್ ಎಂಬ ವಿಜ್ಞಾನಿಗಳು ಶುಕ್ರನ ಧ್ರುವೀಕರಣದ ಅಳತೆಗಳನ್ನೆಲ್ಲ ಲೆಕ್ಕಕ್ಕೆ ಹಚ್ಚಿದರು.

ಗುಂಡಾದ ಹನಿಗಳು ಮಳೆಬಿಲ್ಲನ್ನು ಮೂಡಿಸುತ್ತವೆ. ಮಳೆಬಿಲ್ಲಿನ ಬೆಳಕು ಬಲವಾಗಿ ಧ್ರುವೀಕೃತವಾಗಿರುತ್ತದೆ. ಬಿಲ್ಲು ಯಾವ ಕೋನದಲ್ಲಿ ಮೂಡುವುದೆಂಬುದು ಹನಿಯ ದ್ರವ ಬೆಳಕನ್ನು ಎಷ್ಟು ಬಾಗಿಸುವುದೆಂಬುದನ್ನು ಅವಲಂಬಿಸಿದೆ. ನೀರಿನ ವಕ್ರೀಭವನಾಂಕ ೧.೩೩, ಶುಕ್ರನ ಹನಿಗಳದು ೧.೪೪ ಎಂದು ಲೆಕ್ಕ ಹೇಳಿತು. ಅದು ನೀರಲ್ಲ, ನೂರಕ್ಕೆ ೭೫ರಷ್ಟು ತೀಕ್ಷ್ಣವಾದ ಗಂಧಕಾಮ್ಲ! ಹನಿಗಳ ಗಾತ್ರವೂ, ಸುಮಾರು ಒಂದು ಮೈಕ್ರಾನ್ ತ್ರಿಜ್ಯವೆಂದು, ಅದೇ ಲೆಕ್ಕದಿಂದ ಹೊರಬಿತ್ತು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಹನಿಯನ್ನು ಕೋಟ್ಯಂತರ ಮೈಲಿಗಳಾಚೆಯಿಂದ ಅಳೆದ ವಿದ್ಯೆಯಿದು.

ಹಗಲುದೀಪದ ಪಕ್ಕದ ಮಿಣುಕು

ಶುಕ್ರ ನಮ್ಮ ನೆರೆಮನೆ. ಬೇರೆ ಸೂರ್ಯರ ಗ್ರಹಗಳ ಕಥೆ ಬೇರೆ. ಸೂರ್ಯನಂಥ ನಕ್ಷತ್ರವೊಂದನ್ನು ಸುತ್ತುವ ಗ್ರಹವನ್ನು ಮೇಯರ್ ಮತ್ತು ಕೆಲೊ ಎಂಬ ವಿಜ್ಞಾನಿಗಳು ಮೊದಲು ಕಂಡುಹಿಡಿದದ್ದು ೧೯೯೫ರಲ್ಲಿ. ೨೦೨೫ರ ಸೆಪ್ಟೆಂಬರಿನಲ್ಲಿ ಇಂಥ ಗ್ರಹಗಳ ಸಂಖ್ಯೆ ೬,೦೦೦ವನ್ನು ದಾಟಿತು. ಆದರೆ ಇವುಗಳಲ್ಲಿ ಬಹುಪಾಲನ್ನು ಯಾರೂ ಕಂಡಿಲ್ಲ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತುಸು ಕುಂದುವುದನ್ನೋ, ಗ್ರಹದ ಸೆಳೆತಕ್ಕೆ ನಕ್ಷತ್ರ ತೊನೆಯುವುದನ್ನೋ ನೋಡಿ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಗ್ರಹವನ್ನು ಊಹಿಸಿದ್ದಾರೆ.

ಕಾಣುವುದೇಕೆ ಕಷ್ಟ? ದೂರದಿಂದ ನೋಡುವವನಿಗೆ ನಮ್ಮ ಸೂರ್ಯ ನಮ್ಮ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಹೆಚ್ಚು ಪ್ರಕಾಶಮಾನ. ದೊಡ್ಡ ಹಗಲುದೀಪಕ್ಕೆ ಅಂಟಿಕೊಂಡು ಮಿಣುಕುಹುಳು ಹಾರಿದಂತೆ! ಇಲ್ಲಿಯೇ ಧ್ರುವೀಕರಣ ನೆರವಿಗೆ ಬರುತ್ತದೆ. ನಕ್ಷತ್ರದಿಂದ ನೇರವಾಗಿ ಬಂದ ಬೆಳಕಿಗೆ ಗುರುತು ಇಲ್ಲವೆನ್ನುವಷ್ಟು ಕಡಮೆ. ನಮ್ಮ ಸೂರ್ಯನ ಒಟ್ಟು ಬೆಳಕಿನಲ್ಲಿ ಅದು ಹತ್ತು ಲಕ್ಷದಲ್ಲಿ ಒಂದಂಶವೂ ಇಲ್ಲವೆಂದು ೧೯೮೭ರಲ್ಲಿ ಅಳೆದು ತೋರಿಸಿದರು. ಗ್ರಹವನ್ನು ತಾಗಿ ಬಂದ ಬೆಳಕಿಗೆ ಮಾತ್ರ ಮುದ್ರೆ ಬಿದ್ದಿರುತ್ತದೆ.

ಮತ್ತೆ ಇಳಕಲ್ಲಿನ ಉಪಮಾನವನ್ನೇ ಬಳಸುವುದಾದರೆ, ಒಂದೇ ನಕ್ಷತ್ರದ ಎರಡು ಚಿತ್ರಗಳನ್ನು ತೆಗೆಯುತ್ತಾರೆ: ಹಾಸಿನ ಬೆಳಕಿನಲ್ಲಿ ಒಂದು, ಹೊಕ್ಕಿನ ಬೆಳಕಿನಲ್ಲಿ ಇನ್ನೊಂದು. ನಕ್ಷತ್ರ ಎರಡರಲ್ಲಿಯೂ ಸಮ. ಒಂದರಿಂದ ಇನ್ನೊಂದನ್ನು ಕಳೆದರೆ ನಕ್ಷತ್ರ ಮಾಯ! ಅದರ ಸುತ್ತಲಿನ ಧೂಳಿನ ತಟ್ಟೆ, ಅಸಮವಾದ ಬೆಳಕನ್ನು ಕೊಡುವುದರಿಂದ, ಉಳಿದುಕೊಳ್ಳುತ್ತದೆ. ದಕ್ಷಿಣ ಅಮೆರಿಕದ ಚಿಲಿಯಲ್ಲಿರುವ ಯೂರೋಪಿನವರ ಬೃಹತ್ ದೂರದರ್ಶಕದಲ್ಲಿ ‘ಸ್ಫಿಯರ್’ ಎಂಬ ಉಪಕರಣ ಈ ಕೆಲಸವನ್ನು ಮಾಡುತ್ತಿದೆ. ನಕ್ಷತ್ರದ ಮುಖಕ್ಕೆ ಮರೆ ಹಿಡಿಯುವ ‘ಕರೋನಾಗ್ರಾಫ್’ ಕೂಡ ಅದರಲ್ಲಿದೆ. ಸೂರ್ಯನ ಕಿರೀಟವನ್ನು ನೋಡುವುದಕ್ಕಾಗಿ ಕರೋನಾಗ್ರಾಫನ್ನು ಕಲ್ಪಿಸಿದವರೂ ಅದೇ ಲಿಯೋ ಎಂಬುದು ಸ್ವಾರಸ್ಯದ ಸಂಗತಿ. ಅವರ ಎರಡೂ ವಿದ್ಯೆಗಳು ಇಂದು ಒಂದೇ ಪೆಟ್ಟಿಗೆಯಲ್ಲಿ ಕೂಡಿವೆ.

ಅಗಸ್ತ್ಯನ ನೆರೆಯವನು

ಫೆಬ್ರವರಿಯ ರಾತ್ರಿ ಹುನಗುಂದದ ಎರೆಹೊಲಗಳ ನಡುವೆ, ಊರ ದೀಪಗಳಿಂದ ದೂರ ನಿಂತು ತೆಂಕಣಕ್ಕೆ ಮುಖ ಮಾಡಿದರೆ ಒಂದು ಉಜ್ವಲ ನಕ್ಷತ್ರ ಕಾಣುತ್ತದೆ. ಅದೇ ಅಗಸ್ತ್ಯ. ವಾತಾಪಿಯನ್ನು ಜೀರ್ಣಿಸಿಕೊಂಡ ಋಷಿಯ ಹೆಸರು ಬಾದಾಮಿಯ ಕೆರೆಗೂ ಉಂಟು, ಆಕಾಶದ ಆ ತಾರೆಗೂ ಉಂಟು. ಅದರ ಬಲಕ್ಕೆ, ಚಾಚಿದ ಕೈಯ ಮೂರು ನಾಲ್ಕು ಬೆರಳಗಲದ ಅಂತರದಲ್ಲಿ, ತುಸು ಮೇಲಕ್ಕೆ ಒಂದು ಮಂಕು ನಕ್ಷತ್ರವಿದೆ. ಹೆಸರು ಬೀಟಾ ಪಿಕ್ಟೋರಿಸ್. ದೂರ ಸುಮಾರು ೬೩ ಜ್ಯೋತಿರ್ವರ್ಷ.

ಸೊಬಗಿನಲ್ಲಿ ಅಗಸ್ತ್ಯನಿಗೆ ಸಮನಲ್ಲದಿದ್ದರೂ ಇದರ ಕೀರ್ತಿ ದೊಡ್ಡದು. ೧೯೮೪ರಲ್ಲಿ ಇದರ ಸುತ್ತ ಧೂಳಿನ ತಟ್ಟೆಯೊಂದು ಚಿತ್ರದಲ್ಲಿ ಕಂಡಿತು. ೧೯೯೧ರಲ್ಲಿ ಆ ತಟ್ಟೆಯ ಬೆಳಕು ಧ್ರುವೀಕೃತವೆಂದು ಪ್ರಕಟವಾಯಿತು. ಅದು ಧೂಳು ಚದರಿಸಿದ ನಕ್ಷತ್ರದ ಬೆಳಕೇ ಎಂಬುದು ಇದರಿಂದ ಖಚಿತವಾಯಿತು. ೨೦೦೮ರಲ್ಲಿ ಅಲ್ಲೊಂದು ದೈತ್ಯ ಗ್ರಹದ ಚಿತ್ರ ಸಿಕ್ಕ ಸುದ್ದಿ ಬಂತು. ೨೦೧೯ರಲ್ಲಿ ಎರಡನೆಯದರ ಸುಳಿವು ದೊರೆಯಿತು. ಮೊದಲನೆಯ ಗ್ರಹ ತನ್ನ ಸುತ್ತ ಬುಗುರಿಯಂತೆ ತಿರುಗುತ್ತದೆ. ಅದರ ಒಂದು ದಿನ ನಮ್ಮ ಎಂಟು ಗಂಟೆಗಳಷ್ಟೇ ಎಂದು ೨೦೧೪ರಲ್ಲಿ ಅಳೆದರು.

ಹೀಗೆ ಬಿರುಸಾಗಿ ತಿರುಗುವ ಗ್ರಹ ಪೂರ್ತಿ ಗುಂಡಗಿರದೆ ನಡುವಿನಲ್ಲಿ ಉಬ್ಬಿ, ತುದಿಗಳಲ್ಲಿ ಚಪ್ಪಟೆಯಾಗುತ್ತದೆ. ಈ ಚಪ್ಪಟೆತನಕ್ಕೂ ಧ್ರುವೀಕರಣಕ್ಕೂ ಇರುವ ಸಂಬಂಧವೇ ಬೆಂಗಳೂರಿನ ವಿಜ್ಞಾನಿಗಳು ಹಿಡಿದ ಎಳೆ.

ಕೋರಮಂಗಲದ ಲೆಕ್ಕ

ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯಿದೆ. ವೈನು ಬಾಪು ಅವರು ಬೆಳೆಸಿದ ಈ ಸಂಸ್ಥೆ ೧೯೭೧ರಲ್ಲಿ ಸ್ವಾಯತ್ತವಾಯಿತು. ತಮಿಳುನಾಡಿನ ಕಾವಲೂರಿನಲ್ಲಿ ೨.೩೪ ಮೀಟರಿನ ದೂರದರ್ಶಕವೂ, ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ ೨ ಮೀಟರಿನ ‘ಹಿಮಾಲಯ ಚಂದ್ರ’ ದೂರದರ್ಶಕವೂ ಅದರ ಆಡಳಿತದಲ್ಲಿವೆ. ಹಾನ್ಲೆಯ ಚಳಿಯಲ್ಲಿರುವ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅದು ಹೊತ್ತಿರುವುದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು. ನಕ್ಷತ್ರದ ಗಾಳಿಪದರದಲ್ಲಿ ಬೆಳಕು ಧ್ರುವೀಕೃತವಾಗುವ ಗಣಿತವನ್ನು ೧೯೪೦ರ ದಶಕದಲ್ಲಿ ಕಟ್ಟಿಕೊಟ್ಟವರು ಅವರೇ.

ಈ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ ಅವರು ೨೦೦೧ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಗ್ರಹಕ್ಕಿಂತ ದೊಡ್ಡದಾಗಿ ನಕ್ಷತ್ರವಾಗಲಾರದೆ ಉಳಿದ ‘ಕಂದು ಕುಬ್ಜ’ಗಳ ಗಾಳಿಯಲ್ಲಿ ಧೂಳಿನ ಮೋಡಗಳಿದ್ದರೆ, ಅವುಗಳ ಬೆಳಕು ಧ್ರುವೀಕೃತವಾಗಿರಬೇಕು ಎಂದು ಅದರ ಸಾರ. ಮರುವರ್ಷವೇ ಯೂರೋಪಿನ ವೀಕ್ಷಕರು ಅಂಥ ಕಾಯಗಳಲ್ಲಿ ಧ್ರುವೀಕರಣವನ್ನು ಕಂಡರು. ೨೦೧೬ರಲ್ಲಿ ಸೇನ್‌ಗುಪ್ತ ಅವರು ಅಮೆರಿಕದ ಮಾರ್ಕ್ ಮಾರ್ಲಿ ಅವರೊಡನೆ ಇನ್ನೊಂದು ಸೂಚನೆ ಕೊಟ್ಟರು. ತಾನೇ ಬೆಳಗುವ ಎಳೆಯ ದೈತ್ಯ ಗ್ರಹದ ಮುಖದ ಎಲ್ಲ ಭಾಗಗಳ ಗುರುತುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅದರ ಚಂದ್ರನೊಂದು ಆ ಮುಖಕ್ಕೆ ಅಡ್ಡ ಬಂದಾಗ ಸಮತೆ ಕೆಟ್ಟು ಕ್ಷಣಕಾಲ ಗುರುತು ಮೂಡುತ್ತದೆ. ದೂರದ ಗ್ರಹದ ಚಂದ್ರನನ್ನು ಹಿಡಿಯಲು ಇದೊಂದು ಉಪಾಯ.

೨೦೨೧ರಲ್ಲಿ ಅರಿತ್ರ ಚಕ್ರವರ್ತಿ ಮತ್ತು ಸೇನ್‌ಗುಪ್ತ ಅವರು ಪ್ರತಿಫಲಿತ ಬೆಳಕಿನ ವಿಸ್ತಾರವಾದ ಲೆಕ್ಕವನ್ನು ಪ್ರಕಟಿಸಿದರು. ಗ್ರಹದ ಮುಖವನ್ನು ಅಕ್ಷಾಂಶ ರೇಖಾಂಶಗಳಾಗಿ ವಿಭಾಗಿಸಿ, ಪ್ರತಿಯೊಂದು ತುಣುಕಿನಿಂದ ಬರುವ ಧ್ರುವೀಕರಣವನ್ನು ಕಂಪ್ಯೂಟರಿನಲ್ಲಿ ಎಣಿಸಿ ಕೂಡಿಸುವುದು ಅದರ ಕ್ರಮ. ಗ್ರಹದ ಚಪ್ಪಟೆತನವೂ, ಚಂದ್ರನ ಕಲೆಗಳಂತೆ ಅದರ ಒಂದು ಪಾಲು ಮಾತ್ರ ಬೆಳಗುವುದೂ ಸೇರಿ ಗುರುತು ಉಳಿಯುತ್ತದೆ. ನಕ್ಷತ್ರದ ಬೆಳಕನ್ನು ಮರೆಮಾಡಲು ಸಾಧ್ಯವಾದರೆ ಸಾಧಾರಣ ಧ್ರುವಮಾಪಕವೂ ಅದನ್ನು ಅಳೆಯಬಲ್ಲುದೆಂದು ಅವರು ತೋರಿಸಿದರು. ನಕ್ಷತ್ರಕ್ಕೆ ಅಡ್ಡ ಬರುವ ಗ್ರಹವನ್ನು ಹಿಡಿಯಬೇಕಾದರೆ ಅದರ ಕಕ್ಷೆ ನಮಗೆ ಅಂಚಾಗಿ ಕಾಣಬೇಕು. ಧ್ರುವೀಕರಣಕ್ಕೆ ಆ ನಿರ್ಬಂಧವಿಲ್ಲ. ಕಕ್ಷೆ ಹೇಗೆ ಓರೆಯಾಗಿದ್ದರೂ ಗುರುತು ತಲುಪುತ್ತದೆ. ಇದು ಈ ವಿಧಾನದ ಹೆಚ್ಚುಗಾರಿಕೆ.

ಎಡವಿದ ಹೆಜ್ಜೆಗಳು

ಇಷ್ಟೆಲ್ಲ ಇದ್ದೂ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಧ್ರುವೀಕರಣದ ಮೂಲಕವೇ ಮೊಟ್ಟಮೊದಲು ಪತ್ತೆಯಾದ ಗ್ರಹ ಇಂದಿಗೂ ಒಂದೂ ಇಲ್ಲ. ನಕ್ಷತ್ರವನ್ನು ಮರೆಮಾಡಲಾಗದಷ್ಟು ಸಮೀಪದಲ್ಲಿ ಸುತ್ತುವ ಗ್ರಹವಾದರೆ, ಕೂಡಿದ ಬೆಳಕಿನಲ್ಲಿ ಗುರುತು ಹತ್ತು ಲಕ್ಷದಲ್ಲಿ ಕೆಲವೇ ಅಂಶಗಳಿಗೆ ಇಳಿಯುತ್ತದೆ. ಉಪಕರಣದ ಕನ್ನಡಿಯೂ, ದಾರಿಯ ಧೂಳೂ, ನಕ್ಷತ್ರದ ಮೈಮೇಲಿನ ಕಲೆಗಳೂ ಅಷ್ಟೇ ಗುರುತನ್ನು ತಾವೇ ಹುಟ್ಟಿಸಬಲ್ಲವು.

ಎಚ್‌ಡಿ ೧೮೯೭೩೩ ಎಂಬ ನಕ್ಷತ್ರದ ಪ್ರಕರಣ ಇದಕ್ಕೆ ನಿದರ್ಶನ. ಸುಮಾರು ೬೪ ಜ್ಯೋತಿರ್ವರ್ಷ ದೂರದ ಇದನ್ನು ಗುರುವಿನಂಥ ಗ್ರಹವೊಂದು ಎರಡು ದಿನ ಚಿಲ್ಲರೆಯಲ್ಲಿ ಸುತ್ತುತ್ತದೆ. ೨೦೦೮ರಲ್ಲಿ ಸ್ವೆತ್ಲಾನಾ ಬೆರ್ದ್ಯುಗಿನಾ ಮತ್ತು ಸಂಗಡಿಗರು ಇಲ್ಲಿ ಹತ್ತು ಸಾವಿರದಲ್ಲಿ ಎರಡಂಶದಷ್ಟು ಧ್ರುವೀಕರಣ ಕಂಡಿತೆಂದು ಸಾರಿದರು. ಜಗತ್ತು ಸಂಭ್ರಮಪಟ್ಟಿತು. ಮರುವರ್ಷ ಅಮೆರಿಕದ ಪಾಲೋಮಾರ್ ಬೆಟ್ಟದ ೫ ಮೀಟರಿನ ದೂರದರ್ಶಕದಲ್ಲಿ ಸ್ಲೋನ್ ವಿಕ್ಟೊರೊವಿಚ್ ಅಳೆದಾಗ ಅಷ್ಟು ದೊಡ್ಡ ಗುರುತು ಸಿಗಲಿಲ್ಲ; ೨೦೧೫ರಲ್ಲಿ ಲಿಕ್ ವೀಕ್ಷಣಾಲಯದಿಂದ ಮತ್ತೆ ಅಳೆದಾಗಲೂ ಸಿಗಲಿಲ್ಲ. ಆ ನಕ್ಷತ್ರವೇ ಚಟುವಟಿಕೆಯುಳ್ಳದ್ದಾಗಿ, ತನ್ನ ಕಲೆಗಳಿಂದ ಗೊಂದಲವೆಬ್ಬಿಸುತ್ತದೆಂದು ಮುಂದೆ ತಿಳಿದುಬಂತು.

ಯಾರನ್ನೂ ಹೀಗಳೆಯಬೇಕಾದ ಪ್ರಸಂಗ ಇದಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಿದ್ದರಿಂದಲೇ ಉಪಕರಣಗಳು ಹತ್ತು ಪಟ್ಟು ಸೂಕ್ಷ್ಮವಾದವು. ೨೦೨೧ರಲ್ಲಿ ‘ಸ್ಫಿಯರ್’ನಿಂದ ೨೦ ಸಂಗಾತಿ ಕಾಯಗಳನ್ನು ಪರೀಕ್ಷಿಸಿದಾಗ ಎರಡರಲ್ಲಿ ಗುರುತು ಸ್ಪಷ್ಟವಾಗಿ ದೊರೆಯಿತು. ಅದು ಅವುಗಳ ಗಾಳಿಯದಲ್ಲ, ಅವುಗಳನ್ನು ಸುತ್ತುವರಿದ ಧೂಳಿನ ತಟ್ಟೆಗಳದೆಂದು ತಜ್ಞರ ಅಭಿಪ್ರಾಯ. ಎಳೆಯ ಗ್ರಹಗಳ ಬಳಿ ಚಂದ್ರರು ಹುಟ್ಟಬಹುದಾದ ತಟ್ಟೆಗಳವು.

ಕಡಲಿನ ಮುದ್ರೆ

ಕಟ್ಟಕಡೆಯ ಪ್ರಶ್ನೆ ಜೀವದ್ದು. ದೂರದಿಂದ ನಮ್ಮ ಭೂಮಿಯನ್ನು ನೋಡಿದವರಿಗೆ ಇಲ್ಲಿ ಕಡಲಿದೆ, ಹಸುರಿದೆ ಎಂದು ತಿಳಿದೀತೆ? ೨೦೧೨ರಲ್ಲಿ ಮೈಕೆಲ್ ಸ್ಟೆರ್ಜಿಕ್ ಮತ್ತು ಸಂಗಡಿಗರು ಇದನ್ನು ಒಂದು ಜಾಣ್ಮೆಯಿಂದ ಪರೀಕ್ಷಿಸಿದರು. ಬಿದಿಗೆಯ ಚಂದ್ರನ ಕತ್ತಲ ಭಾಗ ಮಂಕಾಗಿ ಬೆಳಗುವುದು ಭೂಮಿಯಿಂದ ಪುಟಿದ ಬೆಳಕಿನಿಂದ. ಚಂದ್ರನನ್ನೇ ಕನ್ನಡಿಯಾಗಿಸಿಕೊಂಡು, ಆ ಮಂಕು ಬೆಳಕಿನ ಧ್ರುವೀಕರಣವನ್ನು ಚಿಲಿಯ ದೂರದರ್ಶಕದಿಂದ ಅಳೆದರು. ಭೂಮಿಯ ಮೋಡ, ಕಡಲು, ಗಿಡಮರಗಳ ಗುರುತುಗಳು ಅದರಲ್ಲಿ ಬೇರೆ ಬೇರೆಯಾಗಿ ದೊರೆತವು. ಭೂಮಿಯಲ್ಲಿ ಜೀವವಿದೆಯೆಂಬುದಕ್ಕೆ ಬೆಳಕು ಕೊಟ್ಟ ಸಾಕ್ಷ್ಯವದು.

ಬೇರೊಂದು ಭೂಮಿಯಿಂದ ಇಂಥ ಸಾಕ್ಷ್ಯ ಪಡೆಯಲು ಇಂದಿನ ದೂರದರ್ಶಕಗಳಿಗೆ ಶಕ್ತಿ ಸಾಲದು. ಮುಂದಿನ ಪೀಳಿಗೆಯವು ಬರಬೇಕು. ಬಂದಾಗ ಹುಡುಕಬೇಕಾದ ಮುದ್ರೆ ಯಾವುದೆಂದು ಮಾತ್ರ ಈಗಲೇ ತಿಳಿದಿದೆ. ನಯವಾದ ನೀರು ಓರೆಯಾಗಿ ಬಿದ್ದ ಬೆಳಕನ್ನು ಹೇಗೆ ಪುಟಿಸುವುದೋ, ಅದೇ ಮುದ್ರೆ.

೨೦೧೯ರಲ್ಲಿ ಲೋಕದ ದೇಶಗಳಿಗೆಲ್ಲ ಒಂದೊಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಗೌರವ ದೊರೆಯಿತು. ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗಾಗಿ ‘ಬಿಭಾ’ ಎಂದು ಹೆಸರಾಯಿತು. ಗ್ರಹಕ್ಕೆ ‘ಸಂತಮಸ’ ಎಂದಿಟ್ಟರು. ಮೋಡ ಕವಿದುದು ಎಂಬ ಅರ್ಥದಲ್ಲಿ. ಅದರ ಆಕಾಶದಲ್ಲಿ ನಿಜವಾಗಿ ಮೋಡ ಕವಿದಿದೆಯೆ, ಕವಿದಿದ್ದರೆ ಅದು ಯಾವುದರ ಮೋಡ ಎಂಬುದನ್ನು ಇನ್ನು ಬೆಳಕೇ ಹೇಳಬೇಕು. ಹೆಸರಿಟ್ಟವರು ಊಹಿಸಿದರು, ಅಳೆಯುವವರು ಬರಬೇಕಾಗಿದೆ.